ಲೆಕ್ಕ ಇಡುವವರು, ಹೊಣೆ ಹೊರುವವರು
ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಉದ್ಯೋಗದ ಮೊದಲ ಎರಡು ಮೆಟ್ಟಿಲುಗಳು

ತಲಪಾಡಿಯಿಂದ ತೆಂಕಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡುದನ್ನು ನಮ್ಮ ಜಿಲ್ಲೆಯ ಜನರು ದಿನದಿನವೂ ಕಂಡಿದ್ದಾರೆ. ಇದರಲ್ಲಿ ತಲಪಾಡಿ ಮತ್ತು ಚೆಂಗಳದ ನಡುವಿನ 39 ಕಿಲೋಮೀಟರುಗಳ ಗುತ್ತಿಗೆಯನ್ನು ವಹಿಸಿಕೊಂಡುದು ವಡಗರದ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರಿ ಸಂಘ. ಅದು 1925ರಲ್ಲಿ ಕೂಲಿಕಾರ್ಮಿಕರೇ ಕೂಡಿ ಕಟ್ಟಿಕೊಂಡ ಸಂಸ್ಥೆ. ಇಂತಹ ಕಾಮಗಾರಿಯಲ್ಲಿ ಮಣ್ಣು ಅಗೆಯುವ ಯಂತ್ರ, ಕಾಂಕ್ರೀಟು ಲಾರಿ, ಹೆಲ್ಮೆಟ್ ಧರಿಸಿದ ಕಾರ್ಮಿಕರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಕಣ್ಣಿಗೆ ಬೀಳದ ಇನ್ನೊಂದು ಬಗೆಯ ಕೆಲಸವೂ ಜತೆಜತೆಗೇ ನಡೆಯುತ್ತಿರುತ್ತದೆ. ಯಾವ ವಿದ್ಯುತ್ ಕಂಬ ಯಾವ ದಿನ ಸ್ಥಳಾಂತರಗೊಳ್ಳಬೇಕು, ಯಾವ ಮೋರಿಯ ನಕ್ಷೆಗೆ ಮಂಜೂರಾತಿ ದೊರೆತಿದೆ, ಜೂನ್ ತಿಂಗಳ ಮಳೆ ಹಿಡಿಯುವ ಮುನ್ನ ಎಷ್ಟು ಮಣ್ಣು ತುಂಬಿಸಬೇಕು ಎಂಬುದನ್ನೆಲ್ಲ ಬರೆದಿಡುವವರು, ನಿರ್ಧರಿಸುವವರು ಬೇರೆಯೇ ಇದ್ದಾರೆ. ಈ ಕೆಲಸವನ್ನು ಉದ್ಯೋಗ ಜಗತ್ತು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ಕರೆಯುತ್ತದೆ. ಕನ್ನಡದಲ್ಲಿ ಯೋಜನಾ ನಿರ್ವಹಣೆ ಎನ್ನಬಹುದು.

ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳ ಮನೆಗಳಲ್ಲಿ ಈ ಉದ್ಯೋಗದ ಹೆಸರು ಈಗೀಗ ಕೇಳಿಬರುತ್ತಿದೆ. ಹೊಸೂರಿನ ಕಾರ್ಖಾನೆಗಳ ವಿಸ್ತರಣೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿ, ಮಂಗಳೂರಿನ ಕಟ್ಟಡ ನಿರ್ಮಾಣ, ಕೊಲ್ಲಿ ರಾಷ್ಟ್ರಗಳ ಗುತ್ತಿಗೆ ಸಂಸ್ಥೆ ಹೀಗೆ ಎಲ್ಲೆಡೆ ಇದಕ್ಕೆ ಜನ ಬೇಕಾಗಿದ್ದಾರೆ. ಆದರೆ ಜಾಹೀರಾತಿನಲ್ಲಿ ಕಾಣುವ ಹತ್ತಾರು ಹುದ್ದೆಯ ಹೆಸರುಗಳು ಹೆತ್ತವರನ್ನು ಗಲಿಬಿಲಿಗೊಳಿಸುತ್ತವೆ. ಪದವಿ ಮುಗಿಸಿದ ಮಗಳು ಯಾವ ಹುದ್ದೆಗೆ ಅರ್ಜಿ ಹಾಕಬೇಕು? ಅಲ್ಲಿಂದ ಮುಂದಿನ ಮೆಟ್ಟಿಲು ಯಾವುದು? ಅದನ್ನು ಏರಲು ಎಷ್ಟು ವರ್ಷ ಬೇಕು? ಹಣ ತೆತ್ತು ಪ್ರಮಾಣಪತ್ರ ಪಡೆದರೆ ದಾರಿ ಮೊಟಕಾಗುವುದೇ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಕಿರಿಯ ಹುದ್ದೆಗೂ ಮಧ್ಯಮ ಹುದ್ದೆಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು.

ಹೆಸರು ಹಲವು, ತಿರುಳು ಎರಡೇ

ಕಿರಿಯ ಹುದ್ದೆಗೆ ಪ್ರಾಜೆಕ್ಟ್ ಕೋಆರ್ಡಿನೇಟರ್, ಪ್ರಾಜೆಕ್ಟ್ ಅಸಿಸ್ಟೆಂಟ್, ಜೂನಿಯರ್ ಪ್ಲಾನಿಂಗ್ ಇಂಜಿನಿಯರ್, ಅಸಿಸ್ಟೆಂಟ್ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹೆಸರುಗಳಿವೆ. ಮಧ್ಯಮ ಹುದ್ದೆಗೆ ಸಾಮಾನ್ಯವಾಗಿ ಪ್ರಾಜೆಕ್ಟ್ ಮ್ಯಾನೇಜರ್ ಎಂದೇ ಹೆಸರು. ಒಂದು ಕಂಪೆನಿಯ ಮ್ಯಾನೇಜರ್ ಮತ್ತೊಂದು ಕಂಪೆನಿಯ ಕೋಆರ್ಡಿನೇಟರಿಗೆ ಸಮನಾಗಿರುವುದೂ ಉಂಟು. ಆದುದರಿಂದ ಹೆಸರನ್ನು ಬಿಟ್ಟು ಕೆಲಸವನ್ನು ನೋಡುವುದು ಲೇಸು.

ಕಿರಿಯ ಹುದ್ದೆಯಲ್ಲಿರುವವರು ನಡೆದ ಕೆಲಸದ ಲೆಕ್ಕವನ್ನು ಇಡುತ್ತಾರೆ. ಇಂದು ಎಷ್ಟು ಕೆಲಸ ಆಯಿತು, ಯಾವ ಸಾಮಗ್ರಿ ಬಂತು, ಸಭೆಯಲ್ಲಿ ಯಾರು ಯಾವ ಮಾತು ಕೊಟ್ಟರು, ಯಾವ ಪತ್ರಕ್ಕೆ ಉತ್ತರ ಬಂದಿಲ್ಲ ಎಂಬುದು ಅವರ ಪುಸ್ತಕದಲ್ಲಿರಬೇಕು. ಆ ಲೆಕ್ಕ ತಪ್ಪಿದರೆ ಅವರು ಉತ್ತರ ಕೊಡಬೇಕು. ಮಧ್ಯಮ ಹುದ್ದೆಯಲ್ಲಿರುವವರು ಮುಂದೆ ನಡೆಯಬೇಕಾದ ಕೆಲಸದ ಬಗ್ಗೆ ನಿರ್ಧಾರ ಕೈಗೊಳ್ಳುತ್ತಾರೆ. ಗಡುವು ತಪ್ಪಿದರೆ, ವೆಚ್ಚ ಮೀರಿದರೆ, ಗುಣಮಟ್ಟ ಕುಸಿದರೆ ಅವರು ಉತ್ತರ ಕೊಡಬೇಕು. ಸ್ವತಃ ಒಂದು ಇಟ್ಟಿಗೆಯನ್ನೂ ಇಡದ ವ್ಯಕ್ತಿ ಗೋಡೆಯ ಹೊಣೆಯನ್ನು ಹೊರುವ ಸ್ಥಾನ ಅದು. ವಯಸ್ಸು, ಸಂಬಳ, ಕುರ್ಚಿ ಇವೆಲ್ಲವೂ ಈ ಹೊಣೆಯ ಹಿಂದೆ ಬರುವ ಸಂಗತಿಗಳು.

ಎರಡು ಕೋಣೆಗಳ ಒಂದು ಲೆಕ್ಕ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಂದು ಶಾಲೆಗೆ ಎರಡು ಹೊಸ ಕೋಣೆಗಳನ್ನು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳೋಣ. ಜೂನ್ 1ರಂದು ಮಕ್ಕಳು ಅಲ್ಲಿ ಕುಳಿತುಕೊಳ್ಳಬೇಕು. ಅಡಿಪಾಯಕ್ಕೆ 20 ದಿನ, ಗೋಡೆಗೆ 25 ದಿನ, ತಾರಸಿಗೆ ಚೌಕಟ್ಟು ಕಟ್ಟಿ ಕಾಂಕ್ರೀಟು ಹಾಕಲು 15 ದಿನ, ಆ ಕಾಂಕ್ರೀಟು ನೀರುಂಡು ಬಲಿಯಲು 21 ದಿನ, ಅನಂತರ ಗಾರೆ ಮತ್ತು ಬಣ್ಣಕ್ಕೆ 20 ದಿನ. ಇವು ಒಂದರ ಹಿಂದೆ ಒಂದಾಗಿ ಮಾತ್ರ ನಡೆಯಬಲ್ಲ ಕೆಲಸಗಳು. ಕೂಡಿದರೆ 101 ದಿನ. ಫೆಬ್ರವರಿಗೆ 28 ದಿನಗಳಿರುವ ವರ್ಷದಲ್ಲಿ ಫೆಬ್ರವರಿ 20ರಂದು ಗುದ್ದಲಿ ಹಾಕಿದರೆ ಮೇ 31ಕ್ಕೆ ಕೆಲಸ ಮುಗಿಯುತ್ತದೆ. ಒಂದು ದಿನವೂ ಉಳಿತಾಯವಿಲ್ಲ.

ಇವುಗಳ ಜತೆಗೆ ಬಡಗಿಯಿಂದ ಕಿಟಕಿ ಬಾಗಿಲುಗಳನ್ನು ಮಾಡಿಸಬೇಕು. ಅದಕ್ಕೆ 30 ದಿನ ಬೇಕು. ಗಾರೆಯ ಕೆಲಸ ಮೊದಲಾಗುವ ಮುನ್ನ, ಅಂದರೆ ಮೇ 11ರೊಳಗೆ, ಅವು ಕೈಸೇರಿದರೆ ಸಾಕು. ಆದುದರಿಂದ ಏಪ್ರಿಲ್ 11ರ ತನಕವೂ ಬಡಗಿಗೆ ಹೇಳಲು ಅವಕಾಶವಿದೆ.

ಈಗ ಎರಡು ವಿಳಂಬಗಳು ಸಂಭವಿಸಿದುವು ಎನ್ನೋಣ. ಫೆಬ್ರವರಿ 20ರಂದೇ ಕೆಲಸ ಒಪ್ಪಿಕೊಂಡ ಬಡಗಿ ಹತ್ತು ದಿನ ತಡಮಾಡಿದ. ಕಬ್ಬಿಣ ಬರುವುದು ತಡವಾಗಿ ತಾರಸಿಯ ಕೆಲಸ ಮೂರು ದಿನ ಹಿಂದೆ ಬಿತ್ತು. ಕಿರಿಯ ಹುದ್ದೆಯ ಸಂಯೋಜಕರು ಈ ಎರಡನ್ನೂ ತಪ್ಪದೆ ಬರೆದುಕೊಳ್ಳುತ್ತಾರೆ. ಕಿಟಕಿ ಹತ್ತು ದಿನ ತಡ, ತಾರಸಿ ಮೂರು ದಿನ ತಡ. ಕಾಗದದ ಮೇಲೆ ನೋಡಿದರೆ ಮೊದಲನೆಯದೇ ದೊಡ್ಡದು. ವ್ಯವಸ್ಥಾಪಕರಿಗೆ ಗೊತ್ತಿರುವುದು ಬೇರೆ. ಕಿಟಕಿಯ ಹತ್ತು ದಿನಗಳಿಂದ ಶಾಲೆಗೆ ಏನೂ ಆಗದು. ತಾರಸಿಯ ಮೂರು ದಿನಗಳಿಂದ ಶಾಲೆ ತೆರೆಯುವ ದಿನವೇ ಮೂರು ದಿನ ಮುಂದಕ್ಕೆ ಹೋಗುತ್ತದೆ. ಹೀಗೆ ಕೊನೆಯ ದಿನವನ್ನು ನಿರ್ಧರಿಸುವ ಕೆಲಸಗಳ ಸರಪಳಿಗೆ ಕ್ರಿಟಿಕಲ್ ಪಾತ್, ಅಂದರೆ ನಿರ್ಣಾಯಕ ಪಥ ಎಂದು ಹೆಸರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿ ತನ್ನ ರಾಸಾಯನಿಕ ಕಾರ್ಖಾನೆಗಳ ಕಾಮಗಾರಿಗಾಗಿ ಈ ಲೆಕ್ಕವನ್ನು ಬೆಳೆಸಿತು.

ಇಲ್ಲಿಂದ ಮುಂದೆ ವ್ಯವಸ್ಥಾಪಕರ ನಿಜವಾದ ಪರೀಕ್ಷೆ. ಕಳೆದ ಮೂರು ದಿನಗಳನ್ನು ಎಲ್ಲಿಂದ ತರುವುದು? ಗಾರೆಗೆ ಎರಡು ತಂಡಗಳನ್ನು ಹಚ್ಚಬಹುದು, ಆದರೆ ಕೂಲಿಯ ವೆಚ್ಚ ಏರುತ್ತದೆ. ಒಂದು ಕೋಣೆಯನ್ನು ಮೊದಲು ಮುಗಿಸಿ ಎರಡು ತರಗತಿಗಳನ್ನು ಮೂರು ದಿನ ಅಲ್ಲಿ ಕೂರಿಸಬಹುದು, ಅದಕ್ಕೆ ಮುಖ್ಯೋಪಾಧ್ಯಾಯರು ಒಪ್ಪಬೇಕು. ಕಾಂಕ್ರೀಟು ಬಲಿಯಲು ಇಟ್ಟ 21 ದಿನಗಳನ್ನು 18ಕ್ಕೆ ಇಳಿಸೋಣ ಎಂದು ಗುತ್ತಿಗೆದಾರರು ಸೂಚಿಸಲೂಬಹುದು. ಆಗ ‘ಆಗದು’ ಎನ್ನುವ ಧೈರ್ಯ ವ್ಯವಸ್ಥಾಪಕರಿಗೆ ಇರಬೇಕು. ಆ ತಾರಸಿಯ ಕೆಳಗೆ ಕೂರುವವರು ಮಕ್ಕಳು. ಆದರೆ ಇದನ್ನೂ ಮರೆಯಬಾರದು: ಸಂಯೋಜಕರು ಆ ಮೂರು ದಿನಗಳನ್ನು ಅಂದೇ ಬರೆದು ತಿಳಿಸದಿದ್ದರೆ ವ್ಯವಸ್ಥಾಪಕರ ಮುಂದೆ ಆಯ್ಕೆಗಳೇ ಉಳಿಯುತ್ತಿರಲಿಲ್ಲ.

ಹಣ, ಜನ ಮತ್ತು ಕೆಟ್ಟ ಸುದ್ದಿ

ಹಣದ ವಿಷಯದಲ್ಲಿಯೂ ಇದೇ ಅಂತರ ಕಾಣುತ್ತದೆ. ಕಿರಿಯರು ಬಂದ ಬಿಲ್ಲನ್ನು ಖರೀದಿ ಆದೇಶದೊಂದಿಗೆ ತಾಳೆ ನೋಡುತ್ತಾರೆ. ಹೇಳಿದ್ದು ನೂರು ಚೀಲ ಸಿಮೆಂಟು, ಬಂದುದು ತೊಂಬತ್ತೆಂಟು ಎಂಬುದನ್ನು ಹಿಡಿಯುವುದು ಅವರ ಕೆಲಸ. ಮಧ್ಯಮ ಹುದ್ದೆಯವರು ಮೊದಲೇ ಅಂದಾಜು ಕಟ್ಟಿ, ಅನಿರೀಕ್ಷಿತಕ್ಕೆಂದು ಒಂದು ಪಾಲು ತೆಗೆದಿರಿಸಿ, ಅದನ್ನು ಯಾವಾಗ ಮುಟ್ಟಬೇಕು ಎಂದು ತೀರ್ಮಾನಿಸುತ್ತಾರೆ.

ಜನರೊಂದಿಗಿನ ವ್ಯವಹಾರ ಇನ್ನೂ ಸೂಕ್ಷ್ಮವಾದುದು. ಸಂಯೋಜಕರಿಗೆ ಯಾರ ಮೇಲೂ ಅಧಿಕಾರವಿಲ್ಲ. ತಮಗಿಂತ ಹಿರಿಯರಾದ ಇಂಜಿನಿಯರರಿಗೆ, ಅನುಭವಿ ಮೇಸ್ತ್ರಿಗೆ, ಸರಕಾರಿ ಕಛೇರಿಯ ಗುಮಾಸ್ತರಿಗೆ ನೆನಪು ಮಾಡುತ್ತಾ ಹೋಗಬೇಕು. ಅವರನ್ನು ಕೆರಳಿಸಲೂ ಬಾರದು, ಕೆಲಸವನ್ನು ಬಿಡಲೂ ಬಾರದು. ವಿನಯದಿಂದ ಮೂರನೆಯ ಸಲವೂ ಕೇಳಬಲ್ಲ ತಾಳ್ಮೆಯೇ ಅವರ ಬಂಡವಾಳ. ವ್ಯವಸ್ಥಾಪಕರಿಗೆ ಸ್ವಲ್ಪ ಅಧಿಕಾರ ಇರುತ್ತದೆ. ಆದರೆ ಬೇರೆ ವಿಭಾಗಗಳ ಜನ, ಉಪಗುತ್ತಿಗೆದಾರರು, ಕೆಲಸ ಒಪ್ಪಿಸಿದ ಗ್ರಾಹಕರು ಅವರ ಅಧಿಕಾರದ ಹೊರಗೇ ಇರುತ್ತಾರೆ. ಅವರನ್ನು ಒಪ್ಪಿಸಿ ನಡೆಸಬೇಕಾಗುತ್ತದೆ.

ಕೆಟ್ಟ ಸುದ್ದಿಯ ವಿಷಯದಲ್ಲಿ ಈ ಎರಡು ಹುದ್ದೆಗಳ ಧರ್ಮ ಬೇರೆ ಬೇರೆ. ಕಿರಿಯರ ಧರ್ಮ ಅದನ್ನು ಬೇಗ ಹೇಳುವುದು. ನಾಳೆ ಸರಿಹೋದೀತೆಂದು ಮುಚ್ಚಿಟ್ಟ ತಡ ಹದಿನೈದು ದಿನಗಳಲ್ಲಿ ಯಾರೂ ಎತ್ತಲಾಗದ ಭಾರವಾಗುತ್ತದೆ. ಮಧ್ಯಮ ಹುದ್ದೆಯವರು ಅಷ್ಟಕ್ಕೆ ನಿಲ್ಲುವಂತಿಲ್ಲ. ಮೇಲಿನವರ ಮುಂದೆ ಹೋಗುವಾಗ ತೊಂದರೆಯ ಜತೆಗೆ ಎರಡೋ ಮೂರೋ ಪರಿಹಾರಗಳನ್ನೂ, ಒಂದೊಂದರ ಬೆಲೆಯನ್ನೂ ಒಯ್ಯಬೇಕು.

ಹತ್ತು ವರ್ಷಗಳ ಬಳಿಕದ 46 ದಿನಗಳು

ಈ ಏರಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ನೆರೆಯ ಪಾಲಕ್ಕಾಡಿನಲ್ಲಿ ಹುಟ್ಟಿದ ಇ. ಶ್ರೀಧರನ್ ಅವರ ವೃತ್ತಿಜೀವನ ಒಳ್ಳೆಯ ನಿದರ್ಶನ. ಕೊಂಕಣ ರೈಲ್ವೆ, ದಿಲ್ಲಿ ಮೆಟ್ರೋಗಳಿಂದ ಅವರ ಹೆಸರು ಮನೆಮಾತಾಯಿತು. 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದುಕೊಂಡ ಕೊಂಕಣ ರೈಲ್ವೆ ಮಂಗಳೂರಿನ ಸಮೀಪದ ತೋಕೂರಿನವರೆಗೆ ಬಂದಿದೆ. ಆದರೆ ಅವರ ಆರಂಭ ಚಿಕ್ಕದು. 1954ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಪ್ರೊಬೇಷನರಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಅವರು ಸೇರಿದರು. ಅದು ಕಲಿಯುವವರ ಹುದ್ದೆ.

1964ರ ಡಿಸೆಂಬರಿನಲ್ಲಿ ಚಂಡಮಾರುತವು ರಾಮೇಶ್ವರವನ್ನು ನಾಡಿಗೆ ಜೋಡಿಸುವ ಪಾಂಬನ್ ರೈಲು ಸೇತುವೆಯ ಹೆಚ್ಚಿನ ತೊಲೆಗಳನ್ನು ಕಡಲಿಗೆ ಕೆಡವಿತು. ದುರಸ್ತಿಗೆ ರೈಲ್ವೆ ಆರು ತಿಂಗಳ ಗಡುವನ್ನು ಇಟ್ಟಿತು. ಹಿರಿಯ ಅಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಹೊಣೆ ಬಿದ್ದುದು ಸೇವೆಗೆ ಸೇರಿ ಹತ್ತು ವರ್ಷಗಳಾಗಿದ್ದ ಶ್ರೀಧರನ್ ಅವರ ಮೇಲೆ. ಹೊಸ ತೊಲೆಗಳನ್ನು ದೂರದಿಂದ ತರಿಸುತ್ತಾ ಕೂರುವ ಬದಲು ಕಡಲಿನಲ್ಲಿ ಬಿದ್ದಿದ್ದ ತೊಲೆಗಳನ್ನೇ ಎತ್ತಿಸಿ ಮರಳಿ ಕೂರಿಸುವ ದಾರಿಯನ್ನು ಅವರು ಹಿಡಿದರು. 46 ದಿನಗಳಲ್ಲಿ ಸೇತುವೆ ಸಿದ್ಧವಾಯಿತು.

ಇದನ್ನು ವೀರಗಾಥೆಯಾಗಿ ಓದುವವರೇ ಹೆಚ್ಚು. ಉದ್ಯೋಗದ ದೃಷ್ಟಿಯಿಂದ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಒಂದು, ನಿರ್ಣಾಯಕ ಪಥದ ಮೇಲಿದ್ದ ಕೆಲಸ ಯಾವುದೆಂದು ಅವರು ಗುರುತಿಸಿದರು: ಹೊಸ ತೊಲೆಗಳಿಗಾಗಿ ಕಾಯುವ ಕಾಲವೇ ದೊಡ್ಡ ತಡೆಯಾಗಿತ್ತು, ಅದನ್ನು ತೆಗೆದುಹಾಕಿದ ಮೇಲೆ ಉಳಿದುದು ಹಗಲಿರುಳಿನ ದುಡಿಮೆ. ಎರಡು, ಅಂತಹ ನಿರ್ಧಾರವನ್ನು ಕೈಗೊಳ್ಳುವ ಮೊದಲು ಹತ್ತು ವರ್ಷ ಹಳಿ, ಸೇತುವೆ, ಕಬ್ಬಿಣಗಳ ನಡುವೆ ಅವರು ಕಳೆದಿದ್ದರು. ಎಲ್ಲರಿಗೂ ಹತ್ತು ವರ್ಷ ಬೇಕೆಂದಲ್ಲ. ಇಂದಿನ ಖಾಸಗಿ ಸಂಸ್ಥೆಗಳಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ಸಣ್ಣ ಯೋಜನೆಯೊಂದರ ಹೊಣೆ ಸಿಗುವುದುಂಟು. ಆದರೆ ಕಿರಿಯ ಹುದ್ದೆಯ ವರ್ಷಗಳನ್ನು ಹಾರಿ ದಾಟಲು ಬಾರದು.

ಪ್ರಮಾಣಪತ್ರಗಳ ಸಂತೆಯಲ್ಲಿ

ಹೆತ್ತವರ ಹಣ ಪೋಲಾಗುವುದು ಇಲ್ಲಿಯೇ. ಪದವಿ ಮುಗಿಸಿದ ಕೂಡಲೇ ಮ್ಯಾನೇಜರ್ ಹುದ್ದೆ ಎಂಬ ಜಾಹೀರಾತುಗಳಿಗೆ ಕೊರತೆಯಿಲ್ಲ. ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಮಾನ್ಯತೆಯುಳ್ಳ ಪರೀಕ್ಷೆಗಳನ್ನು ನಡೆಸುವುದು ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಅದರ ಎರಡು ಪ್ರಮಾಣಪತ್ರಗಳು ಮೇಲೆ ಹೇಳಿದ ಎರಡು ಮೆಟ್ಟಿಲುಗಳಿಗೆ ಸರಿಯಾಗಿ ಹೊಂದುತ್ತವೆ.

ಮೊದಲನೆಯದು ಸಿಎಪಿಎಂ. ಪ್ರೌಢಶಿಕ್ಷಣ ಮುಗಿಸಿ 23 ಗಂಟೆಗಳ ವಿಷಯ ತರಬೇತಿ ಪಡೆದವರು ಇದನ್ನು ಬರೆಯಬಹುದು. ಕೆಲಸದ ಅನುಭವ ಬೇಕಿಲ್ಲ. ಇದು ಕಿರಿಯ ಹುದ್ದೆಗೆ ಕಾಲಿಡುವವರಿಗೆ ಮೀಸಲು. ಎರಡನೆಯದು ಪಿಎಂಪಿ. ನಾಲ್ಕು ವರ್ಷಗಳ ಪದವಿ ಇದ್ದವರು ಯೋಜನೆಗಳನ್ನು ಮುನ್ನಡೆಸಿದ 36 ತಿಂಗಳ ಅನುಭವವನ್ನು ತೋರಿಸಬೇಕು. ಪ್ರೌಢಶಿಕ್ಷಣ ಮಾತ್ರ ಇದ್ದರೆ 60 ತಿಂಗಳು. ಜತೆಗೆ 35 ಗಂಟೆಗಳ ತರಬೇತಿ. ನಿಯಮಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಹಾಕುವ ಮುನ್ನ ಸಂಸ್ಥೆಯ ಕೈಪಿಡಿಯನ್ನು ನೋಡಿಕೊಳ್ಳಬೇಕು. ಆದರೆ ಪಿಎಂಪಿ ಅನುಭವಿಗಳ ಪರೀಕ್ಷೆ ಎಂಬ ಮೂಲತತ್ತ್ವ ಸ್ಪಷ್ಟವಾಗಿದೆ. ಇಪ್ಪತ್ತೊಂದು ವರ್ಷದ, ಕೆಲಸಕ್ಕೇ ಸೇರದ ಮಗನಿಗೆ ಪಿಎಂಪಿ ಕೊಡಿಸುತ್ತೇವೆ ಎನ್ನುವ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಸಾಕು: 36 ತಿಂಗಳ ಅನುಭವವನ್ನು ಯಾರು ಕೊಡುತ್ತಾರೆ? ಇಲ್ಲದ ಅನುಭವವನ್ನು ಬರೆದುಕೊಳ್ಳಿ ಎಂಬ ಸಲಹೆ ಬಂದರೆ ಅಲ್ಲಿಂದ ಎದ್ದುಬರುವುದೇ ಸರಿ. ಸಂಸ್ಥೆ ಅರ್ಜಿಗಳನ್ನು ಆಯ್ದು ಪರಿಶೀಲಿಸುತ್ತದೆ, ದಾಖಲೆಯನ್ನೂ ಕೇಳುತ್ತದೆ.

ಖರ್ಚಿಲ್ಲದ ದಾರಿಗಳೂ ಇವೆ. ಕೇಂದ್ರ ಸರಕಾರದ ನೆರವಿನಿಂದ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಜಾಲತಾಣದಲ್ಲಿ ಈ ವಿಷಯದ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ನಿರ್ಮಾಣ ಕ್ಷೇತ್ರದಲ್ಲಿಯೇ ಮುಂದುವರಿಯಬೇಕೆಂಬ ಇಂಜಿನಿಯರಿಂಗ್ ಪದವೀಧರರಿಗೆ 1983ರಲ್ಲಿ ಆರಂಭವಾದ, ಪುಣೆಯಲ್ಲಿ ಈಗ ವಿಶ್ವವಿದ್ಯಾಲಯವಾಗಿರುವ ನಿಕ್ಮಾರ್‌ನಂತಹ ಸಂಸ್ಥೆಗಳಲ್ಲಿ ಸ್ನಾತಕೋತ್ತರ ಅಧ್ಯಯನ ಉಂಟು. ಎಸ್‌ಎಸ್‌ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷಗಳ ಡಿಪ್ಲೊಮಾ ಮಾಡಿದವರೂ ಕಾಮಗಾರಿ ಸ್ಥಳದ ಕಿರಿಯ ಹುದ್ದೆಗೆ ಸೇರಬಹುದು. ಬೇಕಾದರೆ ಲ್ಯಾಟರಲ್ ಎಂಟ್ರಿ ಮೂಲಕ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಪ್ರವೇಶ ಪಡೆಯಬಹುದು.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಒಗ್ಗೀತೇ ಎಂಬ ಅಳುಕು ಸಹಜ. ಇದಕ್ಕೆ ಸಮಾಧಾನದ ಮಾತಿಗಿಂತ ನಿಜವಾದ ಉತ್ತರ ಬೇಕು.

ಕಿರಿಯ ಹುದ್ದೆಯಲ್ಲಿ ಆಡುಮಾತಿಗೆ ಹೆಚ್ಚು ಬೆಲೆ. ಕಾಮಗಾರಿಯ ಸ್ಥಳದಲ್ಲಿ ಬಿಹಾರ, ಬಂಗಾಳ, ಒಡಿಶಾದ ಕಾರ್ಮಿಕರೊಂದಿಗೆ ಹಿಂದಿ, ಪಂಚಾಯತು ಕಛೇರಿಯಲ್ಲಿ ಮಲಯಾಳ, ಜಾಗದ ಯಜಮಾನರೊಂದಿಗೆ ತುಳು ಅಥವಾ ಕನ್ನಡ ಬೇಕಾಗುತ್ತದೆ. ಮಂಜೇಶ್ವರದ ಮಗು ಇವುಗಳಲ್ಲಿ ಮೂರನ್ನಾದರೂ ಅಂಗಳದಲ್ಲಿಯೇ ಕಲಿತಿರುತ್ತದೆ. ಸೊಲ್ಲಾಪುರದ ಮಗುವಿಗೆ ಮರಾಠಿ, ಆದೋನಿಯ ಮಗುವಿಗೆ ತೆಲುಗು, ತಾಳವಾಡಿಯ ಮಗುವಿಗೆ ತಮಿಳು ಹಾಗೆಯೇ ಬಂದಿರುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಪ್ಪಿಲ್ಲದೆ ತಲುಪಿಸುವುದೇ ಸಂಯೋಜಕರ ಮುಖ್ಯ ಕೆಲಸವಾಗಿರುವಲ್ಲಿ ಇದು ಸಣ್ಣ ಲಾಭವಲ್ಲ. ದಿನವಹಿ ವರದಿಯ ಇಂಗ್ಲಿಷ್ ಕೂಡ ಸೀಮಿತವಾದುದು. ಕೆಲವು ನೂರು ಶಬ್ದಗಳೂ ಇಪ್ಪತ್ತು ಮೂವತ್ತು ಬಗೆಯ ವಾಕ್ಯಗಳೂ ಮರಳಿ ಮರಳಿ ಬರುತ್ತವೆ. ಆರು ತಿಂಗಳ ಶ್ರದ್ಧೆಯಿಂದ ಅದು ಕೈಗೆ ಹತ್ತುತ್ತದೆ.

ಮಧ್ಯಮ ಹುದ್ದೆಯಲ್ಲಿ ಹಾಗಲ್ಲ. ಅಲ್ಲಿ ಕರಾರಿನ ಷರತ್ತುಗಳನ್ನು ಓದಿ ಅರ್ಥಮಾಡಿಕೊಳ್ಳಬೇಕು; ತಡವಾದುದಕ್ಕೆ ಯಾರು ಕಾರಣರೆಂದು ವಾದಿಸುವ ಪತ್ರಗಳನ್ನು ಬರೆಯಬೇಕು. ಅಂತಹ ಪತ್ರದ ಒಂದು ಸಡಿಲ ವಾಕ್ಯಕ್ಕೆ ಕಂಪೆನಿ ಲಕ್ಷಗಟ್ಟಲೆ ತೆರಬೇಕಾದೀತು. ಅದಕ್ಕೆ ಗಟ್ಟಿಯಾದ ಬರಹದ ಇಂಗ್ಲಿಷ್ ಅಗತ್ಯ. ಆದುದರಿಂದ ಕಿರಿಯ ಹುದ್ದೆಯ ವರ್ಷಗಳನ್ನು ಬರಹದ ಅಭ್ಯಾಸಕ್ಕೂ ಬಳಸಿಕೊಳ್ಳಬೇಕು. ಕನ್ನಡದಲ್ಲಿ ಒಂದು ಘಟನೆಯನ್ನು ಕ್ರಮವಾಗಿ, ಉತ್ಪ್ರೇಕ್ಷೆಯಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಗೆ ಆ ಕ್ರಮ ಇಂಗ್ಲಿಷಿಗೂ ಜತೆಯಾಗಿ ಬರುತ್ತದೆ. ಶಾಲೆಯ ಪ್ರಬಂಧ, ವರದಿ ಬರವಣಿಗೆಗಳನ್ನು ಅಂಕಕ್ಕಷ್ಟೇ ಎಂದು ಬದಿಗಿಡದಿರಲು ಇದೊಂದು ಕಾರಣ.

ಏರಲು ಬಯಸುವವರಿಗೆ

ಕಿರಿಯ ಹುದ್ದೆಯಲ್ಲಿ ಎರಡು ವರ್ಷ ಕಳೆದವರು ತಮ್ಮ ಮೇಲಿನವರಲ್ಲಿ ಒಂದು ಸಣ್ಣ ತುಂಡಿನ ಪೂರ್ಣ ಹೊಣೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಒಂದು ಮೋರಿ, ಒಂದು ಕೋಣೆ, ಸಾಫ್ಟ್‌ವೇರ್ ಆದರೆ ಒಂದು ಪುಟ್ಟ ವಿಭಾಗ. ಅದರ ಅವಧಿ, ವೆಚ್ಚ, ಜನ, ಫಲಿತಾಂಶ ಎಲ್ಲದಕ್ಕೂ ತಾನೇ ಉತ್ತರ ಕೊಡುವಂತಿರಬೇಕು. ಮುಂದಿನ ಸಂದರ್ಶನದಲ್ಲಿ ಕೇಳುವುದು ಇದನ್ನೇ: ನೀವು ಏನನ್ನು ನಿರ್ಧರಿಸಿದಿರಿ, ಅದರಿಂದ ಏನಾಯಿತು? ದಿನವಹಿ ಟಿಪ್ಪಣಿ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ ಉತ್ತರ ಹುಡುಕಬೇಕಾಗದು; ಮುಂದೆ ಪಿಎಂಪಿ ಅರ್ಜಿಯಲ್ಲಿ ಅನುಭವದ ತಿಂಗಳುಗಳನ್ನು ಎಣಿಸುವಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಎಲ್ಲರೂ ವ್ಯವಸ್ಥಾಪಕರೇ ಆಗಬೇಕಾಗಿಲ್ಲ. ಲೆಕ್ಕದಲ್ಲಿ ನಿಪುಣರಾದ, ಆದರೆ ಜಗಳ ಬಿಡಿಸುವುದರಲ್ಲಿ ಆಸಕ್ತಿಯಿಲ್ಲದ ಕಿರಿಯರು ಪ್ಲಾನಿಂಗ್ ಇಂಜಿನಿಯರ್, ಪರಿಮಾಣ ಅಳೆಯುವ ಕ್ವಾಂಟಿಟಿ ಸರ್ವೇಯರ್, ಗುಣಮಟ್ಟ ಪರಿಶೀಲಕ ಮೊದಲಾದ ಹುದ್ದೆಗಳಲ್ಲಿ ಮೇಲೇರಿ ಗೌರವದಿಂದ ಬಾಳುತ್ತಾರೆ. ಮಗ ಇನ್ನೂ ಮ್ಯಾನೇಜರ್ ಆಗಲಿಲ್ಲವೇ ಎಂದು ಮದುವೆ ಮನೆಗಳಲ್ಲಿ ಕೇಳುವವರು ಇದನ್ನು ಅರಿತಿರಬೇಕು.

ಹೈಸ್ಕೂಲಿನ ಮಕ್ಕಳಿಗೆ ಈ ಉದ್ಯೋಗದ ರುಚಿ ತೋರಿಸಲು ದೂರ ಹೋಗಬೇಕಾಗಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ತಿಂಗಳಿರುವಾಗ ಇಬ್ಬರು ವಿದ್ಯಾರ್ಥಿಗಳಿಗೆ ಎರಡು ಕೆಲಸ ಒಪ್ಪಿಸಬಹುದು. ಒಬ್ಬರು ವೇದಿಕೆ, ಧ್ವನಿವರ್ಧಕ, ಬಹುಮಾನ, ಉಪಾಹಾರ, ವೇಷಭೂಷಣಗಳ ಪಟ್ಟಿಯನ್ನು ಮಾಡಿ, ಯಾವುದು ಯಾರ ಹೊಣೆ, ಯಾವ ದಿನಕ್ಕೆ ಎಂದು ಬರೆದು ಪ್ರತಿ ಶನಿವಾರ ಗುರುತು ಹಾಕಲಿ. ಇನ್ನೊಬ್ಬರು ಆ ಪಟ್ಟಿಯನ್ನು ನೋಡಿ, ಮಳೆ ಬಂದರೆ ವೇದಿಕೆ ಎಲ್ಲಿ, ಹಣ ಕಡಿಮೆಬಿದ್ದರೆ ಯಾವುದನ್ನು ಕೈಬಿಡುವುದು ಎಂದು ತೀರ್ಮಾನಿಸಿ ಅಧ್ಯಾಪಕರ ಮುಂದೆ ಕಾರಣ ಹೇಳಲಿ. ಮರುವರ್ಷ ಇಬ್ಬರೂ ಸ್ಥಾನ ಬದಲಿಸಿಕೊಳ್ಳಲಿ. ತಮ್ಮ ಮನಸ್ಸು ಯಾವ ಕೆಲಸದ ಕಡೆಗೆ ವಾಲುತ್ತದೆ ಎಂಬುದು ಆ ಮಕ್ಕಳಿಗೇ ತಿಳಿದೀತು.